ಲಸಿಕೆ ಹಾಕಿಸಿದ ಮೇಲೆ ಮಗುವಿಗೆ ಹುಷಾರಿಲ್ಲ: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ರಾಜ್ಯದ ಬಹುತೇಕ ಅಂಗನವಾಡಿ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಗುರುವಾರ ಲಸಿಕೆಯ ದಿನ. ಅಂದು ರಾತ್ರಿ ಮತ್ತು ಮರುದಿನ ಬೆಳಿಗ್ಗೆ ಮಕ್ಕಳ ವೈದ್ಯರಿಗೆ ಬರುವ ಕರೆಗಳು ಹೆಚ್ಚು ಕಡಿಮೆ ಒಂದೇ ಬಗೆಯವು: ಜ್ವರ, ಅಳು, ತೊಡೆಯ ಊತ. ಮಕ್ಕಳ ವೈದ್ಯೆಯಾಗಿ ನಾನು ಮೊದಲು ಮರುಪ್ರಶ್ನೆ ಕೇಳುವುದು ಎರಡೇ. ಯಾವ ಲಸಿಕೆ ಹಾಕಿಸಿದ್ದೀರಿ? ಹಾಕಿಸಿ ಎಷ್ಟು ಹೊತ್ತಾಯಿತು? ಪ್ರತಿ ಲಸಿಕೆಯ ತೊಂದರೆಗೂ ಅದರದೇ ಆದ ಹೊತ್ತು ಇರುತ್ತದೆ. ಆ ಹೊತ್ತಿನಲ್ಲಿ ಬಂದ ಜ್ವರವನ್ನು ಸಾಮಾನ್ಯವಾಗಿ ಮನೆಯಲ್ಲೇ ನೋಡಿಕೊಳ್ಳಬಹುದು. ಹೊತ್ತು ತಪ್ಪಿ ಬಂದ ಜ್ವರವನ್ನು ಲಸಿಕೆಯ ತಲೆಗೆ ಕಟ್ಟಿ ಸುಮ್ಮನಾದರೆ ನಿಜವಾದ ಕಾಯಿಲೆಯೊಂದು ಕಣ್ತಪ್ಪಿ ಹೋಗಬಹುದು. ಕೆಳಗಿನ ಉತ್ತರಗಳನ್ನೆಲ್ಲ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಬೆಳಿಗ್ಗೆ ಪೆಂಟಾ ಹಾಕಿಸಿದೆವು. ಸಂಜೆಗೆ ಮೈ ಬಿಸಿಯಾಗಿದೆ, ಮಗು ರಚ್ಚೆ ಹಿಡಿದಿದೆ. ಇದು ಸಹಜವೇ?

ಹೌದು, ಬಹಳ ಸಾಮಾನ್ಯ. ಆರು, ಹತ್ತು ಮತ್ತು ಹದಿನಾಲ್ಕನೇ ವಾರದಲ್ಲಿ ಎಡ ತೊಡೆಗೆ ಕೊಡುವ ಪೆಂಟಾವೇಲೆಂಟ್ ಲಸಿಕೆ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾ, ಮಿದುಳುಪೊರೆಯ ಉರಿಯೂತಗಳನ್ನು ತಡೆಯುತ್ತದೆ. ಜ್ವರಕ್ಕೆ ಮುಖ್ಯ ಕಾರಣ ಇದರಲ್ಲಿರುವ ನಾಯಿಕೆಮ್ಮಿನ ಅಂಶ. ಸರ್ಕಾರಿ ಲಸಿಕೆಯಲ್ಲಿ ಆ ಬ್ಯಾಕ್ಟೀರಿಯಾವನ್ನು ಕೊಂದು ಇಡಿಯಾಗಿ ಬಳಸುತ್ತಾರೆ. ಮಗುವಿನ ದೇಹ ಅದನ್ನು ಗುರುತಿಸಿ ಎದುರಿಸಲು ಸಜ್ಜಾಗುವಾಗ ಮೈ ಬಿಸಿಯಾಗುತ್ತದೆ, ಚುಚ್ಚಿದ ಜಾಗ ನೋಯುತ್ತದೆ, ಮಗು ಸ್ವಲ್ಪ ಕಡಿಮೆ ಹಾಲು ಕುಡಿದು ಹೆಚ್ಚು ಮಲಗುತ್ತದೆ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುಗಳಿಗೆ ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಹಾಕುವ ಡಿಪಿಟಿ ಬೂಸ್ಟರ್‌ಗೂ ಇದೇ ಮಾತು. ಆ ವಯಸ್ಸಿನ ಮಗು ಒಂದು ದಿನ ಕಾಲು ಎಳೆದು ನಡೆದರೆ ಗಾಬರಿಯಾಗಬೇಡಿ.

ಈ ಜ್ವರ ಸಾಮಾನ್ಯವಾಗಿ ಲಸಿಕೆಯ ದಿನವೇ ಶುರುವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಎರಡು ದಿನ ದಾಟಿಯೂ ಉಳಿದರೆ, ಅಥವಾ ಮೂರನೆಯ ದಿನ ಹೊಸದಾಗಿ ಕಾಣಿಸಿಕೊಂಡರೆ, ಪೆಂಟಾವನ್ನು ದೂರದೆ ಮಗುವನ್ನು ವೈದ್ಯರಿಗೆ ತೋರಿಸಿ. ಮೂತ್ರದ ಸೋಂಕು, ಕಿವಿಯ ಸೋಂಕು, ನ್ಯುಮೋನಿಯಾ, ಡೆಂಗಿ ಇವು ಯಾವುವೂ ಲಸಿಕೆಯ ವಾರದಲ್ಲಿ ರಜೆ ತೆಗೆದುಕೊಳ್ಳುವುದಿಲ್ಲ.

ಆರು ವಾರದ ಎಳೆಗೂಸಿನ ವಿಷಯದಲ್ಲಿ ನಾನು ಇನ್ನಷ್ಟು ಬಿಗಿ. ಲಸಿಕೆಗೆ ಮುಂಚೆಯೇ ಮೈ ಬಿಸಿಯಿದ್ದರೆ, ಲಸಿಕೆಯಾದ ಮೇಲೆ ಮಗು ಹಾಲೆಳೆಯುವುದನ್ನು ಬಿಟ್ಟರೆ, ಅಥವಾ ಮರುದಿನ ಸಂಜೆಯಾದರೂ ಜ್ವರ ಇಳಿಯದಿದ್ದರೆ ಕಾಯಬೇಡಿ. ಅಷ್ಟು ಚಿಕ್ಕ ಮಗುವಿನಲ್ಲಿ ಸೋಂಕು ಬೇರೆ ಯಾವ ಗುರುತನ್ನೂ ತೋರಿಸದೆ ಬೆಳೆದುಬಿಡಬಲ್ಲದು.

ಒಂಬತ್ತನೇ ತಿಂಗಳ ಲಸಿಕೆಯ ದಿನ ಏನೂ ಆಗಲಿಲ್ಲ. ಒಂದು ವಾರದ ನಂತರ ಜ್ವರ, ಮೈಮೇಲೆ ಕೆಂಪು ಗುಳ್ಳೆ. ಮಗುವಿಗೆ ದಡಾರ ಬಂತೇ?

ದಡಾರ ಮತ್ತು ರುಬೆಲ್ಲಾ ಲಸಿಕೆಯ ಹೊತ್ತೇ ಹಾಗೆ. ಅದರಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಅದು ಮೈಯಲ್ಲಿ ನಿಧಾನವಾಗಿ ಬೆಳೆದು ರೋಗನಿರೋಧಕ ಶಕ್ತಿಯನ್ನು ಎಬ್ಬಿಸಬೇಕು. ಹಾಗಾಗಿ ಜ್ವರ ಬರುವುದಿದ್ದರೆ ಆರರಿಂದ ಹನ್ನೆರಡನೇ ದಿನದ ನಡುವೆ ಬರುತ್ತದೆ. ಕೆಲವು ಮಕ್ಕಳಿಗೆ ತೆಳುವಾದ ಕೆಂಪು ದದ್ದು ಎದ್ದು ಎರಡು ಮೂರು ದಿನಗಳಲ್ಲಿ ಮಾಯವಾಗುತ್ತದೆ. ಇದು ಮನೆಯ ಬೇರೆ ಮಕ್ಕಳಿಗೆ ಅಂಟುವುದಿಲ್ಲ. ಜೊತೆಗೆ ವಿಪರೀತ ಕೆಮ್ಮು, ಕಣ್ಣು ಕೆಂಪಾಗುವುದು, ಮೂಗು ಸುರಿಯುವುದು ಇದ್ದರೆ, ಊರಿನಲ್ಲಿ ದಡಾರವೂ ಇದ್ದರೆ, ವೈದ್ಯರು ನೋಡಲೇಬೇಕು. ಲಸಿಕೆ ಕೆಲಸ ಮಾಡುವ ಮೊದಲೇ ಮಗುವಿಗೆ ಸೋಂಕು ತಗುಲಿರಬಹುದು.

ಅದೇ ಭೇಟಿಯಲ್ಲಿ ನ್ಯುಮೋಕಾಕಲ್ ಬೂಸ್ಟರ್ ಮತ್ತು ಪೋಲಿಯೊ ಚುಚ್ಚುಮದ್ದನ್ನೂ ಕೊಡುವುದರಿಂದ ಮೊದಲ ದಿನ ತುಸು ಮೈ ಬಿಸಿಯಾಗಲೂಬಹುದು. ಅದು ಬೇರೆ, ಎರಡನೆಯ ವಾರದ ಜ್ವರ ಬೇರೆ.

ಮೈ ಮುಟ್ಟಿ ನೋಡಿದರೆ ಸಾಲದೇ? ಥರ್ಮಾಮೀಟರ್ ಬೇಕೇ?

ಬೇಕು. ಡಿಜಿಟಲ್ ಥರ್ಮಾಮೀಟರ್ ಒಂದು ಮನೆಯಲ್ಲಿರಲಿ. ಕಂಕುಳಿನ ಬೆವರು ಒರೆಸಿ, ತುದಿಯನ್ನು ಚರ್ಮಕ್ಕೆ ತಾಗುವಂತೆ ಇಟ್ಟು, ತೋಳನ್ನು ಒತ್ತಿ ಹಿಡಿದು, ಸದ್ದು ಬರುವವರೆಗೆ ಕಾಯಿರಿ. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಜ್ವರ. ಬಾಣಂತಿ ಕೋಣೆಯಲ್ಲಿ ಕಿಟಕಿ ಮುಚ್ಚಿ, ಕುಲಾವಿ, ಸ್ವೆಟರ್, ಎರಡು ಪದರ ಬಟ್ಟೆಯಲ್ಲಿ ಸುತ್ತಿದ ಮಗುವಿನ ಮೈ ಜ್ವರವಿಲ್ಲದೆಯೂ ಬಿಸಿಯಾಗಿರುತ್ತದೆ. ಮೊದಲು ಒಂದಷ್ಟು ಬಟ್ಟೆ ತೆಗೆದು, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ.

ಪ್ಯಾರಾಸಿಟಮಾಲ್ ಎಷ್ಟು ಕೊಡಬೇಕು?

ಈ ಪ್ರಶ್ನೆಗೆ ಉದ್ದವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಅಪಾಯಕಾರಿ ತಪ್ಪುಗಳು ನಡೆಯುವುದು ಇಲ್ಲಿ.

ಲೆಕ್ಕ ತೂಕದ ಮೇಲೆ, ವಯಸ್ಸಿನ ಮೇಲಲ್ಲ. ಒಂದು ಸಲಕ್ಕೆ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. ನಾಲ್ಕು ಕಿಲೋ ಮಗುವಿಗೆ 40ರಿಂದ 60 ಮಿಲಿಗ್ರಾಂ. ಎಳೆಯ ಮಕ್ಕಳಿಗೆ ಎರಡು ಡೋಸ್‌ಗಳ ನಡುವೆ ಆರು ಗಂಟೆ ಅಂತರವಿರಲಿ, 24 ಗಂಟೆಯಲ್ಲಿ ನಾಲ್ಕು ಸಲ ಮೀರಬಾರದು. ಮೂರು ತಿಂಗಳೊಳಗಿನ ಮಗುವಾದರೆ ಮೊದಲ ಡೋಸ್‌ಗೆ ಮುಂಚೆ ಲಸಿಕೆ ಹಾಕಿದವರನ್ನೋ ವೈದ್ಯರನ್ನೋ ಕೇಳಿ ಅಳತೆ ಬರೆಸಿಕೊಳ್ಳಿ.

ಈಗ ಬಾಟಲಿಯ ಮಾತು. ಔಷಧಿ ಅಂಗಡಿಯಲ್ಲಿ ಇದೇ ಮದ್ದು ಮೂರು ಶಕ್ತಿಗಳಲ್ಲಿ ಸಿಗುತ್ತದೆ. ಹನಿಗಳು, ಅಂದರೆ ಡ್ರಾಪ್ಸ್: ಒಂದು ಎಂ.ಎಲ್.ನಲ್ಲಿ 100 ಮಿಲಿಗ್ರಾಂ. ಸಿರಪ್: ಐದು ಎಂ.ಎಲ್.ನಲ್ಲಿ 120 ಅಥವಾ 125 ಮಿಲಿಗ್ರಾಂ. ಇನ್ನೊಂದು ಸಿರಪ್: ಐದು ಎಂ.ಎಲ್.ನಲ್ಲಿ 250 ಮಿಲಿಗ್ರಾಂ. ಆ ನಾಲ್ಕು ಕಿಲೋ ಮಗುವಿಗೆ ಹನಿಗಳಾದರೆ ಅರ್ಧ ಎಂ.ಎಲ್. ಸಾಕು, 120ರ ಸಿರಪ್ಪಾದರೆ ಎರಡು ಎಂ.ಎಲ್. ಬೇಕು. ಅಕ್ಕನ ಮಗುವಿಗೆ ಕೊಟ್ಟ ಸಿರಪ್ಪಿನ ಅಳತೆಯನ್ನು ನೆನಪಿಟ್ಟುಕೊಂಡು, ಹನಿಗಳ ಬಾಟಲಿಯಿಂದ ಎರಡು ಎಂ.ಎಲ್. ಕೊಟ್ಟರೆ 200 ಮಿಲಿಗ್ರಾಂ ಒಳಗೆ ಹೋಗುತ್ತದೆ. ಹೀಗೆ ಎರಡು ದಿನ ನಡೆದರೆ ಯಕೃತ್ತಿಗೆ ಪೆಟ್ಟು. ಬಾಟಲಿಯ ಮೇಲಿನ ಸಣ್ಣ ಅಕ್ಷರವನ್ನು ಪ್ರತಿ ಸಲ ಓದಿ. ಅಡುಗೆಮನೆಯ ಚಮಚ ಬೇಡ, ಬಾಟಲಿಯ ಜೊತೆ ಬಂದ ಡ್ರಾಪರ್ ಅಥವಾ ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಿರಿ.

ಮನೆಯಲ್ಲಿರುವ 500 ಮಿಲಿಗ್ರಾಂ ಮಾತ್ರೆಯನ್ನು ಕಾಲು ಭಾಗ ಮುರಿದು ತೇಯ್ದು ಕುಡಿಸುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಕಾಲು ಮಾತ್ರೆಯೆಂದರೆ 125 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ ಅದು ಸರಿ, ನಾಲ್ಕೈದು ಕಿಲೋ ಕೂಸಿಗೆ ಅತಿಯಾಯಿತು.

ಲಸಿಕೆಗೆ ಹೋಗುವ ಮುಂಚೆಯೇ ಒಂದು ಡೋಸ್ ಕುಡಿಸಿ ಕರೆದೊಯ್ಯಬೇಡಿ. ಜ್ವರ ಬಂದು ಮಗು ನರಳುತ್ತಿದ್ದರೆ ಕೊಡಿ. 100 ಡಿಗ್ರಿಯಲ್ಲಿ ಆಡುತ್ತಾ ಹಾಲು ಕುಡಿಯುತ್ತಿರುವ ಮಗುವಿಗೆ ಔಷಧಿಯ ಅಗತ್ಯವೇ ಇಲ್ಲ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. ನಿಮೆಸುಲೈಡ್ ಅನ್ನು ಹನ್ನೆರಡು ವರ್ಷದೊಳಗಿನವರಿಗೆ ಕೊಡುವುದನ್ನು ನಮ್ಮ ದೇಶ 2011ರಲ್ಲೇ ನಿಷೇಧಿಸಿದೆ. ಅಂಗಡಿಯವರು ಕೈಗಿಟ್ಟರೂ ಹಿಂದಿರುಗಿಸಿ. ಐಬುಪ್ರೊಫೆನ್ ಅನ್ನು ಆರು ತಿಂಗಳೊಳಗೆ ಕೊಡಬಾರದು, ಅನಂತರವೂ ವೈದ್ಯರು ಹೇಳಿದರೆ ಮಾತ್ರ.

ಚುಚ್ಚಿದ ಜಾಗ ಊದಿ ಗಟ್ಟಿಯಾಗಿದೆ. ಶಾಖ ಕೊಡಬಹುದೇ?

ಬೇಡ. ಉಜ್ಜಬೇಡಿ, ಎಣ್ಣೆ ಹಚ್ಚಿ ನೀವಬೇಡಿ, ಅರಿಶಿನ ಮೆತ್ತಬೇಡಿ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆಯನ್ನು ಹತ್ತು ನಿಮಿಷ ಇಟ್ಟರೆ ನೋವು ಇಳಿಯುತ್ತದೆ. ಊತ ಎರಡು ಮೂರು ದಿನಗಳಲ್ಲಿ ಕಡಿಮೆಯಾದರೂ ಕಡಲೆಕಾಳಿನಷ್ಟು ಗಂಟು ಕೆಲವು ವಾರ ಕೈಗೆ ಸಿಗಬಹುದು. ನೋವಿಲ್ಲದ ಆ ಗಂಟನ್ನು ಅದರ ಪಾಡಿಗೆ ಬಿಡಿ. ಎರಡು ದಿನಗಳ ನಂತರ ಕೆಂಪು ಹರಡುತ್ತಾ ಹೋದರೆ, ಮುಟ್ಟಿದರೆ ಸುಡುತ್ತಿದ್ದರೆ, ಕೀವು ಕಂಡರೆ ಆಸ್ಪತ್ರೆಗೆ ತೋರಿಸಬೇಕು.

ಬಿಸಿಜಿ ಹಾಕಿಸಿ ಒಂದು ತಿಂಗಳಾಯಿತು. ಎಡತೋಳಿನಲ್ಲಿ ಕೀವು ತುಂಬಿದ ಗುಳ್ಳೆ ಎದ್ದಿದೆ.

ಆಗಬೇಕಾದದ್ದೇ ಆಗುತ್ತಿದೆ. ಕ್ಷಯ ತಡೆಯಲು ಹುಟ್ಟಿದಾಗ ಹಾಕಿದ ಬಿಸಿಜಿ ಎರಡು ವಾರದ ನಂತರ ಗುಳ್ಳೆಯಾಗುತ್ತದೆ, ಒಡೆದು ಹುಣ್ಣಾಗುತ್ತದೆ, ಎರಡು ಮೂರು ತಿಂಗಳಲ್ಲಿ ಕಲೆಯಾಗಿ ಉಳಿಯುತ್ತದೆ. ಮುಲಾಮು, ಪೌಡರ್, ಬ್ಯಾಂಡೇಜ್ ಯಾವುದೂ ಬೇಡ, ನೀರು ತಾಗಿದರೆ ತೊಂದರೆಯಿಲ್ಲ. ಹಿಚುಕಬೇಡಿ. ಎಡ ಕಂಕುಳಿನಲ್ಲಿ ಅಥವಾ ಕತ್ತಿನ ಬುಡದಲ್ಲಿ ಗಂಟು ದೊಡ್ಡದಾಗುತ್ತಿದ್ದರೆ ಮಾತ್ರ ತೋರಿಸಿ. ಕಲೆ ಬೀಳದಿದ್ದರೆ ಲಸಿಕೆ ವ್ಯರ್ಥವಾಯಿತೆಂದು ಅರ್ಥವಲ್ಲ, ಮತ್ತೆ ಹಾಕಿಸಬೇಕಿಲ್ಲ.

ಲಸಿಕೆಯ ದಿನ ಸ್ನಾನ ಮಾಡಿಸಬಹುದೇ? ಹಾಲು ಕುಡಿಸಬಹುದೇ?

ಎರಡೂ ಆಗಬಹುದು. ಹಾಲು ಕುಡಿಸಲೇಬೇಕು, ಬಾಯಿಗೆ ಪೋಲಿಯೊ ಅಥವಾ ಭೇದಿ ತಡೆಯುವ ರೋಟಾ ಹನಿ ಹಾಕಿಸಿದ್ದರೂ ಸರಿ. ಜ್ವರವಿದ್ದಾಗ ಬಿಸಿ ಬಿಸಿ ನೀರು ಹೊಯ್ದು, ಸಾಂಬ್ರಾಣಿ ಹೊಗೆ ಹಿಡಿದು, ಬೆಚ್ಚಗೆ ಸುತ್ತುವುದು ಮಾತ್ರ ಬೇಡ. ಉಗುರುಬೆಚ್ಚಗಿನ ನೀರಿನಲ್ಲಿ ಮೈ ಒರೆಸಿ, ತೆಳುವಾದ ಹತ್ತಿ ಬಟ್ಟೆ ಹಾಕಿ. ಆ ವಯಸ್ಸಿನಲ್ಲಿ ಹೊಗೆ ಯಾವ ದಿನವೂ ಒಳ್ಳೆಯದಲ್ಲ.

ಮನೆಯ ಹಿರಿಯರು ಬಜೆ ತೇಯ್ದು ನೆಕ್ಕಿಸೋಣ, ದೃಷ್ಟಿ ತೆಗೆಯೋಣ, ಬರೆ ಹಾಕಿಸೋಣ ಎನ್ನುತ್ತಾರೆ. ಏನು ಹೇಳಲಿ?

ದೃಷ್ಟಿ ತೆಗೆಯುವುದಕ್ಕೆ ನನ್ನ ತಕರಾರಿಲ್ಲ, ಅದರಿಂದ ಆಸ್ಪತ್ರೆಗೆ ಹೋಗುವುದು ತಡವಾಗದಿದ್ದರೆ ಸಾಕು. ಬಜೆ, ಸುತ್ತು ಔಷಧಿ, ಘುಟ್ಟಿ ಬಾಯಿಗೆ ಬೇಡ. ಆರು ತಿಂಗಳವರೆಗೆ ತಾಯಿಯ ಹಾಲು, ಜೊತೆಗೆ ವೈದ್ಯರು ಹೇಳಿದ ಔಷಧಿ, ಇಷ್ಟೇ. ತೇಯುವ ಕಲ್ಲಿನ ಕೊಳೆ, ನೀರಿನ ಸೋಂಕು ಸೇರಿ ಭೇದಿಯಾದರೆ, ಆಮೇಲೆ ಅದಕ್ಕೂ ಲಸಿಕೆಯೇ ಬೈಗುಳ ತಿನ್ನುತ್ತದೆ.

ಬರೆ ಹಾಕುವುದನ್ನು ಮಾತ್ರ ಯಾರು ಹೇಳಿದರೂ ಒಪ್ಪಬೇಡಿ. ಕಾದ ಕಬ್ಬಿಣದಿಂದ ಕೂಸಿನ ಹೊಟ್ಟೆ ಸುಟ್ಟರೆ ಜ್ವರ ಇಳಿಯುವುದಿಲ್ಲ. ಸುಟ್ಟ ಗಾಯ ಸೋಂಕಾಗಿ ರಕ್ತಕ್ಕೆ ಏರಿದರೆ ಮಗು ಉಳಿಯುವುದು ಕಷ್ಟ. ಮನೆಯಲ್ಲಿ ನಿಮ್ಮ ಮಾತು ನಡೆಯದಿದ್ದರೆ ಆಶಾ ಕಾರ್ಯಕರ್ತೆಯನ್ನು ಕರೆಸಿ. ಅವರ ಮಾತಿಗೆ ಅತ್ತೆಯೂ ಅಜ್ಜಿಯೂ ಕಿವಿಗೊಡುವುದನ್ನು ನಾನು ಕಂಡಿದ್ದೇನೆ.

ಗಂಟೆಗಟ್ಟಲೆ ಅಳುತ್ತಿದೆ, ಸಮಾಧಾನವೇ ಆಗುತ್ತಿಲ್ಲ.

ಎದೆಗಪ್ಪಿಕೊಂಡು ಹಾಲೂಡಿಸಿ, ನೋವಿಗೆ ಪ್ಯಾರಾಸಿಟಮಾಲ್ ಕೊಡಿ, ಚುಚ್ಚಿದ ಕಾಲಿನ ಮೇಲೆ ಭಾರ ಬೀಳದಂತೆ ಎತ್ತಿಕೊಳ್ಳಿ. ಬಹುಪಾಲು ಅಳು ಇದಕ್ಕೆ ಬಗ್ಗುತ್ತದೆ. ಮೂರು ಗಂಟೆ ಮೀರಿ, ತಡೆಯಿಲ್ಲದೆ, ಕಿರುಚುವ ದನಿಯಲ್ಲಿ ಅತ್ತರೆ ವೈದ್ಯರು ನೋಡಬೇಕು. ಪೆಂಟಾ ಅಥವಾ ಡಿಪಿಟಿಯ ನಂತರ ಅಂಥ ಅಳು ಕೆಲವು ಮಕ್ಕಳಲ್ಲಿ ಕಂಡುಬರುತ್ತದೆ, ಒಂದೆರಡು ದಿನಗಳಲ್ಲಿ ತಾನೇ ನಿಲ್ಲುತ್ತದೆ, ಮಿದುಳಿಗೆ ಹಾನಿ ಮಾಡುವುದಿಲ್ಲ. ಆದರೂ ತೋರಿಸಿ ಎನ್ನುವುದಕ್ಕೆ ಕಾರಣವಿದೆ: ಬಿಟ್ಟು ಬಿಟ್ಟು ಚೀರುವ ಅಳು, ಕಾಲನ್ನು ಹೊಟ್ಟೆಗೆ ಮಡಚಿಕೊಳ್ಳುವುದು, ಹಸಿರು ವಾಂತಿ, ಮಲದಲ್ಲಿ ರಕ್ತ ಮತ್ತು ಲೋಳೆ ಇದ್ದರೆ ಕರುಳು ಒಂದರೊಳಗೊಂದು ಸಿಕ್ಕಿಕೊಂಡಿರಬಹುದು. ರೋಟಾ ಹನಿಯ ನಂತರದ ದಿನಗಳಲ್ಲಿ ಇದು ಅತಿ ವಿರಳವಾಗಿ ಆಗುವುದುಂಟು, ಲಸಿಕೆಯ ಸಂಬಂಧವಿಲ್ಲದೆಯೂ ಆಗುತ್ತದೆ. ಬೇಗ ಬಂದರೆ ಶಸ್ತ್ರಚಿಕಿತ್ಸೆ ಇಲ್ಲದೆಯೇ ಸರಿಪಡಿಸಲು ಸಾಧ್ಯ. ರೋಟಾ ಹನಿಯಿಂದ ಬರುವ ಸಾಮಾನ್ಯ ತೊಂದರೆ ಒಂದೆರಡು ಸಲ ತೆಳು ಭೇದಿ, ಅಷ್ಟೇ.

ಜ್ವರದಲ್ಲಿ ಫಿಟ್ಸ್ ಬಂದರೆ?

ಆರು ತಿಂಗಳಿಂದ ಐದು ವರ್ಷದೊಳಗಿನ ಕೆಲವು ಮಕ್ಕಳಿಗೆ ಯಾವ ಕಾರಣದ ಜ್ವರದಲ್ಲಿಯೂ ಫಿಟ್ಸ್ ಬರಬಹುದು. ಡಿಪಿಟಿಯಾದರೆ ಮೊದಲ ಒಂದೆರಡು ದಿನಗಳಲ್ಲಿ, ದಡಾರ ಲಸಿಕೆಯಾದರೆ ಎರಡನೆಯ ವಾರದಲ್ಲಿ ಇದರ ಸಾಧ್ಯತೆ ಸ್ವಲ್ಪ ಹೆಚ್ಚು. ನೋಡಿದವರಿಗೆ ಮಗು ಹೋಗಿಯೇಬಿಟ್ಟಿತು ಅನ್ನಿಸುತ್ತದೆ. ಬಹುಪಾಲು ಒಂದೆರಡು ನಿಮಿಷಗಳಲ್ಲಿ ನಿಂತು, ಮಗು ಪೂರ್ತಿ ಚೇತರಿಸಿಕೊಳ್ಳುತ್ತದೆ.

ನೆಲದ ಮೇಲೆ ಮಗ್ಗುಲಾಗಿ ಮಲಗಿಸಿ. ಬಾಯಿಯಿಂದ ನೊರೆ, ವಾಂತಿ ಹೊರಗೆ ಹರಿಯಲಿ. ಬಾಯಿಗೆ ಬೆರಳು, ಚಮಚ, ನೀರು, ಔಷಧಿ ಯಾವುದನ್ನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದರಲ್ಲಿ ಹೊತ್ತು ಹೋಗುತ್ತದೆ. ಶುರುವಾದ ಸಮಯವನ್ನು ಗಡಿಯಾರದಲ್ಲಿ ನೋಡಿ. ಐದು ನಿಮಿಷಕ್ಕೂ ನಿಲ್ಲದಿದ್ದರೆ, ಅಥವಾ ಮತ್ತೆ ಬಂದರೆ, 108ಕ್ಕೆ ಕರೆ ಮಾಡಿ. ತಾನಾಗಿ ನಿಂತಿದ್ದರೂ ಮೊದಲ ಸಲದ ಫಿಟ್ಸ್ ಆದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಯಾವುದಕ್ಕೆ ಬೆಳಗಾಗುವವರೆಗೆ ಕಾಯಬಾರದು?

ಹಾಲು ಕುಡಿಯುವುದನ್ನು ಪೂರ್ತಿ ಬಿಟ್ಟರೆ. ಎಬ್ಬಿಸಿದರೂ ಏಳದಷ್ಟು ಮಂಕಾದರೆ. ಮೈ ಬಿಳುಚಿ ಬಟ್ಟೆಯಂತೆ ಜೋತುಬಿದ್ದರೆ. ಉಸಿರಾಡುವಾಗ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ತುಟಿ ನೀಲಿಯಾದರೆ. ಕುಡಿದದ್ದೆಲ್ಲ ವಾಂತಿಯಾದರೆ. ಆರೆಂಟು ಗಂಟೆ ಮೂತ್ರವೇ ಮಾಡದಿದ್ದರೆ. ನೆತ್ತಿ ಉಬ್ಬಿದ್ದರೆ. ಒತ್ತಿದರೂ ಮಾಸದ ನೇರಳೆ ಚುಕ್ಕೆಗಳು ಕಂಡರೆ.

ಎಲ್ಲಕ್ಕಿಂತ ತುರ್ತಾದ ಅಲರ್ಜಿ ಲಸಿಕೆ ಹಾಕಿದ ಕೆಲವೇ ನಿಮಿಷಗಳಲ್ಲಿ ತೋರುತ್ತದೆ: ಮೈಯೆಲ್ಲ ದದ್ದು, ಮುಖ ಮತ್ತು ನಾಲಿಗೆ ಊದುವುದು, ಉಬ್ಬಸ, ಕುಸಿತ. ಹತ್ತು ಲಕ್ಷ ಡೋಸ್‌ಗೆ ಒಂದರಷ್ಟು ಅಪರೂಪ, ಆದರೆ ಕೂಡಲೇ ಅಡ್ರಿನಲಿನ್ ಕೊಡದಿದ್ದರೆ ಜೀವ ಹೋಗಬಹುದು. ಲಸಿಕೆಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ ಎಂದು ಸಿಸ್ಟರ್ ಹೇಳುವುದು ಇದಕ್ಕಾಗಿ. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋಗಬೇಡಿ.

ಬೆಳಗಾವಿಯಲ್ಲಿ ಲಸಿಕೆಯ ನಂತರ ಮಕ್ಕಳು ತೀರಿಕೊಂಡರಲ್ಲ? ನಂಬುವುದು ಹೇಗೆ?

ಕೇಳಬೇಕಾದ ಪ್ರಶ್ನೆ. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ–ರುಬೆಲ್ಲಾ ಲಸಿಕೆಯ ನಂತರ ಮೂರು ಶಿಶುಗಳು ಸತ್ತವು. ಲಸಿಕೆಯನ್ನು ಹೋಟೆಲೊಂದರ ಫ್ರಿಜ್‌ನಲ್ಲಿ ಇರಿಸಲಾಗಿತ್ತೆಂದು ಆಗ ವರದಿಯಾಯಿತು. ಆ ತಾಯಂದಿರ ದುಃಖವನ್ನು ಯಾವ ಅಂಕಿ ಅಂಶದಿಂದಲೂ ಮುಚ್ಚಲಾಗದು, ಮುಚ್ಚಬಾರದು.

ಈ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ. ದ್ರಾವಣದಲ್ಲಿ ಕಲಸಿದ ಮೇಲೆ ತಂಪಿನಲ್ಲಿಟ್ಟು ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಎಸೆಯಬೇಕು. ಹಾಗೆ ಮಾಡದಿದ್ದರೆ ಶೀಷೆಯಲ್ಲಿ ಬ್ಯಾಕ್ಟೀರಿಯಾ ಬೆಳೆದು ವಿಷವಾಗುತ್ತದೆ. ಬಿಸಿಜಿಗೂ ಇದೇ ನಿಯಮ. ಪೆಂಟಾದಂಥ ದ್ರವ ಲಸಿಕೆಯ ಶೀಷೆಯನ್ನು ಮಾತ್ರ ಸರಿಯಾಗಿ ಇಟ್ಟರೆ ತೆರೆದ 28 ದಿನಗಳವರೆಗೆ ಬಳಸಲು ಅನುಮತಿಯಿದೆ. ಆದ್ದರಿಂದ ದಡಾರ ಲಸಿಕೆ ಹಾಕಿಸುವಾಗ “ಶೀಷೆ ಎಷ್ಟು ಗಂಟೆಗೆ ತೆರೆದಿರಿ?” ಎಂದು ಕೇಳಿ. ಶೀಷೆಯ ಮೇಲೆ ಸಮಯ ಬರೆದಿರಬೇಕು, ಸಿರಿಂಜಿನ ಪೊಟ್ಟಣ ನಿಮ್ಮ ಮುಂದೆಯೇ ಒಡೆದದ್ದಾಗಿರಬೇಕು. ಒಳ್ಳೆಯ ಸಿಸ್ಟರ್ ಈ ಪ್ರಶ್ನೆಗೆ ಬೇಸರಿಸುವುದಿಲ್ಲ.

ಹೊತ್ತಿನ ಮಾತನ್ನು ಇಲ್ಲಿಯೂ ನೆನಪಿಡಿ. ದಡಾರ ಲಸಿಕೆ ಹಾಕಿಸಿದ ದಿನವೇ ಅಥವಾ ಮರುದಿನ ವಿಪರೀತ ಜ್ವರ, ವಾಂತಿ, ನೀರಿನಂಥ ಭೇದಿ ಮೂರೂ ಒಟ್ಟಿಗೆ ಬಂದರೆ ಅದು ಈ ಲಸಿಕೆಯ ಸಹಜ ಜ್ವರವಲ್ಲ. ತಕ್ಷಣ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೊರಡಿ.

ಪೆಂಟಾ, ಡಿಪಿಟಿಗಳ ಬದಲು ಖಾಸಗಿಯಲ್ಲಿ “ನೋವಿಲ್ಲದ ಲಸಿಕೆ” ಸಿಗುತ್ತದಂತೆ. ಅದೇ ಒಳ್ಳೆಯದೇ?

ಅದರಲ್ಲಿ ನಾಯಿಕೆಮ್ಮಿನ ಬ್ಯಾಕ್ಟೀರಿಯಾದ ಆಯ್ದ ತುಣುಕುಗಳಷ್ಟೇ ಇರುವುದರಿಂದ ಜ್ವರ, ನೋವು ಕಡಿಮೆ. ಸೂಜಿಯ ನೋವು ಇದ್ದೇ ಇರುತ್ತದೆ. ರಕ್ಷಣೆ ಮಾತ್ರ ಇಡೀ ಬ್ಯಾಕ್ಟೀರಿಯಾದ ಲಸಿಕೆಗಿಂತ ಬೇಗ ಕುಗ್ಗುತ್ತದೆ. ಸಾಲ ಮಾಡಿ ಹಾಕಿಸುವಂಥದ್ದೇನೂ ಅದರಲ್ಲಿಲ್ಲ. ಅಂಗನವಾಡಿಯಲ್ಲಿ ಉಚಿತವಾಗಿ ಸಿಗುವ ಲಸಿಕೆಯನ್ನು ನಾನು ಧೈರ್ಯವಾಗಿ ಹೇಳುತ್ತೇನೆ.

ಹೋದ ಸಲ ಜ್ವರ ಬಂತು. ಮುಂದಿನ ಡೋಸ್ ಬಿಟ್ಟುಬಿಡಬಹುದೇ?

ಬಿಡಬೇಡಿ. ಜ್ವರ, ಊತ, ಅಳು ಇವು ಯಾವುವೂ ಮುಂದಿನ ಡೋಸ್ ತಪ್ಪಿಸಲು ಕಾರಣವಲ್ಲ. ತೀವ್ರ ಅಲರ್ಜಿಯಾಗಿದ್ದರೆ, ಅಥವಾ ಪೆಂಟಾದ ಒಂದು ವಾರದೊಳಗೆ ಪ್ರಜ್ಞೆ ತಪ್ಪುವಂಥ ಮಿದುಳಿನ ತೊಂದರೆಯಾಗಿದ್ದರೆ, ಅದೇ ಲಸಿಕೆಯನ್ನು ಮತ್ತೆ ಕೊಡುವುದಿಲ್ಲ. ಫಿಟ್ಸ್ ಬಂದಿದ್ದರೆ ಅಥವಾ ಮಗು ಜೋತುಬಿದ್ದಿದ್ದರೆ ವೈದ್ಯರೊಡನೆ ಮಾತನಾಡಿ ತೀರ್ಮಾನಿಸಿ. ನೆಗಡಿ, ಸಣ್ಣ ಕೆಮ್ಮು ಇದ್ದರೂ ಲಸಿಕೆ ಹಾಕಿಸಬಹುದು.

ಡೋಸ್ ತಪ್ಪುವುದಕ್ಕೆ ನಮ್ಮಲ್ಲಿ ಇನ್ನೊಂದು ಕಾರಣವಿದೆ. ಆರು ಮತ್ತು ಹತ್ತನೇ ವಾರದ ಲಸಿಕೆಗಳು ತವರಿನಲ್ಲಿ ಬಾಣಂತನದ ನಡುವೆ ಆಗುತ್ತವೆ. ಆಮೇಲೆ ತಾಯಿ ಮಗು ಗಂಡನ ಮನೆಗೆ ಹೊರಡುತ್ತಾರೆ, ತಾಯಿ ಕಾರ್ಡ್ ತವರಿನ ಬೀರುವಿನಲ್ಲಿ ಉಳಿಯುತ್ತದೆ, ಹದಿನಾಲ್ಕನೇ ವಾರದ ಡೋಸ್ ತಪ್ಪುತ್ತದೆ. ಯಾವ ಊರಿನ ಅಂಗನವಾಡಿಯಲ್ಲಾದರೂ ಹಾಕಿಸಬಹುದು, ಕಾರ್ಡ್ ಒಯ್ಯಿರಿ, ಮೊಬೈಲಿನಲ್ಲಿ ಅದರ ಚಿತ್ರ ತೆಗೆದಿಡಿ. ತಡವಾಗಿದ್ದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ರೋಟಾ ಹನಿಯ ಮೊದಲ ಡೋಸ್‌ಗೆ ಮಾತ್ರ ಒಂದು ವರ್ಷದ ಗಡಿಯಿದೆ.

ತೊಂದರೆಯಾದರೆ ಯಾರಿಗೆ ತಿಳಿಸಬೇಕು?

ಮೊದಲು ಲಸಿಕೆ ಹಾಕಿದ ಸಿಸ್ಟರ್ ಅಥವಾ ಆಶಾ ಕಾರ್ಯಕರ್ತೆಗೆ, ಅವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ತಿಳಿಸುತ್ತಾರೆ. ಮಗು ಆಸ್ಪತ್ರೆಗೆ ದಾಖಲಾಗುವಷ್ಟು ತೊಂದರೆಯಾದರೆ ವೈದ್ಯಾಧಿಕಾರಿ ಜಿಲ್ಲೆಗೆ ವರದಿ ಮಾಡಲೇಬೇಕು. ಲಸಿಕೆಯಿಂದಾಯಿತೇ, ಹಾಕುವಾಗಿನ ತಪ್ಪಿನಿಂದಾಯಿತೇ, ಅಥವಾ ಅದೇ ಹೊತ್ತಿಗೆ ಬಂದ ಬೇರೆ ಕಾಯಿಲೆಯೇ ಎಂದು ಪರಿಶೀಲಿಸುವ ವ್ಯವಸ್ಥೆಯಿದೆ. ನೀವೇ ನೇರವಾಗಿ ತಿಳಿಸಬೇಕೆಂದರೆ ಔಷಧಿ ಮತ್ತು ಲಸಿಕೆಗಳ ಅಡ್ಡಪರಿಣಾಮ ದಾಖಲಿಸುವ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-180-3024 ಇದೆ. ಕರೆ ಮಾಡುವಾಗ ತಾಯಿ ಕಾರ್ಡ್ ಕೈಯಲ್ಲಿರಲಿ. ಲಸಿಕೆಯ ಹೆಸರು, ಹಾಕಿಸಿದ ದಿನ ಮತ್ತು ಗಂಟೆ, ತೊಂದರೆ ಶುರುವಾದ ಗಂಟೆ, ಕೊಟ್ಟ ಔಷಧಿ ಮತ್ತು ಅದರ ಅಳತೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಮಾತನಾಡಿ.